ಕೈಪಟ್ಟಿಯ ಸಾಕ್ಷಿ

ಇಪ್ಪತ್ತು ವರ್ಷ ಹನ್ನೆರಡು ಅಂತಸ್ತಿನೆತ್ತರದಲ್ಲಿ ಕೂತು ಕ್ರೇನ್ ನಡೆಸಿದವನಿಗೆ ಒಂದು ಗೀರೂ ಆಗಿರಲಿಲ್ಲ. ಬಲ್ಬು ಬದಲಿಸಲು ಮನೆಯ ಸ್ಟೂಲು ಹತ್ತಿ ಬಿದ್ದದ್ದೇ ತಲೆಗೆ ಮುಳುವಾಯಿತು.

ಮಿದುಳಿಗೆ ಬಿದ್ದ ಪೆಟ್ಟು ಮಾಗುತ್ತಿದೆಯೋ ಇಲ್ಲವೋ ತಿಳಿಯಲು ಆಸ್ಪತ್ರೆಯವರು ಅವನ ಮಣಿಕಟ್ಟಿಗೆ ಸೆನ್ಸರ್ ಇರುವ ಪಟ್ಟಿಯೊಂದನ್ನು ಕಟ್ಟಿ ಮನೆಗೆ ಕಳಿಸಿದ್ದರು. ನಡಿಗೆ, ನಿದ್ದೆ, ಕೈಯ ಅಲುಗಾಟ ಎಲ್ಲವನ್ನೂ ಅದು ಅಳೆದು ಅಲ್ಲಿಗೆ ವರದಿ ಮಾಡುತ್ತಿತ್ತು. ಇವತ್ತೇ ಕೊನೆಯ ದಿನ. ಸಂಜೆ ಡಾಕ್ಟರು ಸರಿಯಿದೆಯೆಂದು ಬರೆದುಕೊಟ್ಟರೆ ನಾಳೆಯಿಂದ ಕ್ರೇನು. ಇಲ್ಲವಾದರೆ ಆ ಕುರ್ಚಿ ಬೇರೊಬ್ಬನ ಪಾಲು.

ಬೆಳಗ್ಗೆಯಿಂದಲೇ ಕಟ್ಟಡದ ಜನ ಹೊಸ ಕೂಸನ್ನು ನೋಡಲು ಬಂದವರ ಹಾಗೆ ಪಟ್ಟಿಯನ್ನು ನೋಡಲು ಬಂದರು. ಮೇಲ್ಮನೆಯ ನಿವೃತ್ತ ಮೇಷ್ಟ್ರು, ಮನಸ್ಸಿನಲ್ಲಿ ಬೈದುಕೊಂಡರೂ ಇದಕ್ಕೆ ಗೊತ್ತಾಗುತ್ತದೆಯೇ ಎಂದು ವಿಚಾರಿಸಿದರು. ಪಕ್ಕದ ಮನೆಯಾಕೆ ಸೊಸೆಯ ಸುದ್ದಿ ಬಂದಾಗಲೆಲ್ಲ ಅವನ ಕೈಗೆ ಟವೆಲು ಹೊದಿಸಿ ದನಿ ತಗ್ಗಿಸಿದರು. ಕುತೂಹಲ ಅವನಿಗೂ ಇತ್ತು. ಹಲ್ಲುಜ್ಜಿದ್ದನ್ನು ನಡುಕವೆಂದು ಬರೆದುಕೊಂಡೀತೇ? ಬಾಗಿಲಿಗೂ ಸೋಫಾಕ್ಕೂ ಓಡಾಡಿದ್ದನ್ನು ತಲೆ ಕೆಟ್ಟಿದೆ ಎಂದುಕೊಂಡೀತೇ?

ಅಷ್ಟರಲ್ಲಿ ನರ್ಸ್ ಫೋನ್ ಮಾಡಿದಳು. "ಏನ್ ಸಾರ್, ಬೆಳಗ್ಗೆಯಿಂದ ಬಹಳ ಓಡಾಟ?"

ಅವನು ಅದನ್ನು ಅಲ್ಲೇ ಕೂತಿದ್ದ ಮೇಷ್ಟ್ರಿಗೆ ಹೇಳಿದ. ಮೇಷ್ಟ್ರು ಎದ್ದು ಹೊರಡುತ್ತ ತೀರ್ಪು ಕೊಟ್ಟರು: "ಕೆಲಸ ಕೆಡ್ತು ಕಣಯ್ಯ. ಇನ್ನು ಸಂಜೆವರೆಗೂ ಕಲ್ಲಿನ ಹಾಗೆ ಕೂತಿರು."

ಕೂತ. ಕೂತದ್ದೇ ತಡ, ಮೂಗು ತುರಿಸಿತು, ಬೆನ್ನು ಕಡಿಯಿತು, ಎಲ್ಲಿಂದಲೋ ಒಂದು ನೊಣ ಬಂದು ಕಿವಿಯ ಮೇಲೆ ಮನೆ ಮಾಡಿತು. ಎದುರಿನ ಸೋಫಾದಲ್ಲಿ ಬಾಮೈದ ಮಲಗಿದ್ದ. ಕೂತರೆ ಬೆಟ್ಟ, ಮಲಗಿದರೆ ಬಂಡೆ ಎಂದು ಹೆಸರು ಮಾಡಿದವನು. ಹೆಂಡತಿ ಔಷಧಿ ತರಲು ಹೋಗಿದ್ದಳು. ಮನೆಯಲ್ಲಿ ಬೇರೆ ನರಪಿಳ್ಳೆಯಿಲ್ಲ. ಅವನು ಮೆಲ್ಲಗೆ ಪಟ್ಟಿ ಬಿಚ್ಚಿ ಬಾಮೈದನ ಕೈಗೆ ಕಟ್ಟಿ ಮೇಲೊಂದು ಹೊದಿಕೆ ಎಳೆದ. ಹೆಂಡತಿ ಬಂದಾಗ ತಾನೂ ಟವೆಲಿನಡಿ ಕೈಯಿಟ್ಟುಕೊಂಡ. ನಾಲ್ಕಕ್ಕೆ ಅವಳು ಸೀರೆ ಬದಲಿಸುವಷ್ಟರಲ್ಲಿ ಪಟ್ಟಿಯನ್ನು ಬಿಚ್ಚಿ ಮತ್ತೆ ತನ್ನ ಕೈಗೆ ಕಟ್ಟಿಕೊಂಡ. ಬಾಮೈದ ಮಗ್ಗುಲೂ ಬದಲಿಸಿರಲಿಲ್ಲ.

ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಪರದೆ ನೋಡಿ ಮೊದಲು ನಕ್ಕರು, ಆಮೇಲೆ ಹುಬ್ಬು ಗಂಟಿಕ್ಕಿದರು.

"ಹನ್ನೊಂದರವರೆಗೆ ತುಂಬ ಚೆನ್ನಾಗಿದೆ. ಎದ್ದಿದೀರಿ, ಓಡಾಡಿದೀರಿ, ಗಟ್ಟಿ ಮನುಷ್ಯನ ಲಕ್ಷಣ. ಅಲ್ಲಿಂದಾಚೆ ಐದು ಗಂಟೆ ಕೈ ಅಲುಗಾಡೇ ಇಲ್ಲ. ಯಾಕೆ?"

ಅವನು ನಿಜ ಹೇಳುವುದೇ ಮೇಲೆಂದು ತೀರ್ಮಾನಿಸಿದ. "ಮೇಡಂ, ಆಗ ಪಟ್ಟಿ ನನ್ನ ಕೈಯಲ್ಲಿರಲಿಲ್ಲ. ಇವನ ಕೈಗೆ ಕಟ್ಟಿದ್ದೆ."

ಬಾಮೈದ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅವನ ಮುಖದಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. "ನನಗಾ? ಕಟ್ಟಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ ಭಾವ?"

ಡಾಕ್ಟರಮ್ಮ ಭಾವನ ಕಡೆ ತಿರುಗಿ ಮೆತ್ತಗಿನ ದನಿಯಲ್ಲಿ ಇವತ್ತು ಯಾವ ವಾರ, ಮನೆ ಎಷ್ಟನೇ ಮಹಡಿ ಎಂದೆಲ್ಲ ಕೇಳಿದರು. ಗಾಬರಿಯಲ್ಲಿ ಅವನು ಎರಡನ್ನೂ ತಪ್ಪು ಹೇಳಿದ. ಅವರು ಚೀಟಿಯಲ್ಲಿ ಎರಡು ಸಾಲು ಬರೆದರು: ಆಗದ್ದನ್ನು ಆಯಿತೆಂದು ನಂಬುತ್ತಾರೆ, ಇನ್ನೂ ಆರು ವಾರ ಕ್ರೇನ್ ಹತ್ತುವಂತಿಲ್ಲ.

ಹೆಂಡತಿ ಕಣ್ಣೊರೆಸಿಕೊಂಡು ಅವನ ಬೆನ್ನು ಸವರಿದಳು. "ಆಯ್ತು ರೀ, ತಮ್ಮನ ಕೈಗೇ ಕಟ್ಟಿದ್ರಿ. ಯಾರು ಇಲ್ಲ ಅಂದ್ರು? ಈಗ ಅವನ ಕೈ ಹಿಡ್ಕೊಂಡು ನಿಧಾನಕ್ಕೆ ಏಳಿ."