ಪೆನ್ಸಿಲ್ ಗುರುತಿನ ಡೀನ್

ಡೀನ್ ಅಂದರೆ ಏನು ಕೆಲಸ ಮಾಡಬೇಕು ಎಂಬುದು ನಾನು ಡೀನ್ ಆಗಿ ನಾಲ್ಕು ತಿಂಗಳಾದರೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳುವ ಧೈರ್ಯವೂ ಇರಲಿಲ್ಲ. ನಮ್ಮ ವಿಶ್ವವಿದ್ಯಾಲಯದಲ್ಲಿ ಕಲಾ ವಿಭಾಗಗಳಿಗೆಲ್ಲ ಸೇರಿ ಒಬ್ಬ ಡೀನ್. ಹಿರಿತನದ ಸರದಿಯಲ್ಲಿ ಎರಡು ವರ್ಷಕ್ಕೊಬ್ಬರು. ನನಗಿಂತ ಹಿರಿಯರಾದ ಇಬ್ಬರು ನಿವೃತ್ತರಾದದ್ದೇ ನನ್ನ ಸಾಧನೆ. ಹಾಗಂತ ಹೆಮ್ಮೆಯೇನೂ ಕಡಿಮೆಯಿರಲಿಲ್ಲ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮುಗಿಸಿದವನು ನಾನು. ಬಾಗಿಲ ಮೇಲಿನ ಫಲಕದ ಹತ್ತಿರ ಬಂದಾಗ ದಿನಾ ನನ್ನ ನಡಿಗೆ ತಾನಾಗಿಯೇ ನಿಧಾನವಾಗುತ್ತಿತ್ತು. ನನ್ನ ಹೆಸರಿನ ಬಣ್ಣದಡಿ ಹಿಂದಿನ ಡೀನರ ಹೆಸರು ಇಣುಕುತ್ತಿತ್ತು. ಅದನ್ನು ಮಾತ್ರ ನಾನು ನೋಡುತ್ತಿರಲಿಲ್ಲ.

ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯವರು ಹತ್ತಿ ವ್ಯಾಪಾರದ ಶೆಟ್ಟರು. ನಾನು ಡೀನ್ ಆದ ಖುಷಿಗೆ ಹಂಚಿದ ಪೇಡೆ ತಿನ್ನುತ್ತ, ಡೀನ್ ಅಂದರೆ ಪ್ರಿನ್ಸಿಪಾಲರಿಗಿಂತ ಮೇಲೋ ಕೆಳಗೋ ಎಂದು ವಿಚಾರಿಸಿದರು. ಯೋಚಿಸಿ, “ಮ್ಯಾಲೂ ಅಲ್ಲ, ಕೆಳಗೂ ಅಲ್ಲ, ಬಾಜೂಕರಿ” ಎಂದೆ. ಅವರಿಗೆ ಸಮಾಧಾನವಾಯಿತು. “ಹಂಗಾದ್ರ ಛಲೋ ಆತು ಬಿಡ್ರಿ, ಮೈಮ್ಯಾಲ ಏನೂ ಬರಂಗಿಲ್ಲ” ಎಂದು ಇನ್ನೊಂದು ಪೇಡೆ ಎತ್ತಿಕೊಂಡರು.

ನನಗೂ ಹಾಗೆಯೇ ಅನ್ನಿಸಿತ್ತು. ಹನ್ನೊಂದು ಗಂಟೆಗೆ ಕಚೇರಿಯ ಸುಪರಿಂಟೆಂಡೆಂಟ್ ಪಾಟೀಲರು ಫೈಲುಗಳ ಗಂಟು ಹಿಡಿದು ಬರುತ್ತಿದ್ದರು. ಎಲ್ಲೆಲ್ಲಿ ಸಹಿ ಬೇಕೋ ಅಲ್ಲಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕಿರುತ್ತಿದ್ದರು. ಮೊದಲ ದಿನ ನಾನು ಒಂದು ಹಾಳೆ ಓದಲು ತೊಡಗಿದಾಗ ಅವರಿಗೆ ನನ್ನ ಮೇಲೆ ಕನಿಕರ ಬಂದಿತು. ಓದುವುದು ತಮ್ಮ ಕೆಲಸವೆಂದೂ ಸಾಹೇಬರು ಕಣ್ಣು ಕೆಡಿಸಿಕೊಳ್ಳಬಾರದೆಂದೂ ಹೇಳಿದರು. ಅಂದಿನಿಂದ ನಾನು ಗುರುತು ಕಂಡಲ್ಲೆಲ್ಲ ಸಹಿ ಮಾಡುತ್ತ ಹೋದೆ. ಕೊನೆಯ ಅಕ್ಷರಕ್ಕೆ ಒಂದು ಬಾಲವನ್ನೂ ಬೆಳೆಸಿದೆ.

ನನ್ನ ಕೆಲಸದ ಬಗ್ಗೆ ನನಗಿಂತ ಹೆಚ್ಚು ಕುತೂಹಲ ಇದ್ದದ್ದು ಅವ್ವನಿಗೆ. ಅವ್ವನ ವಿಷಯ ಸ್ವಲ್ಪ ಹೇಳಬೇಕು. ಅರವತ್ತು ದಾಟಿದ ಮೇಲೆ ಅವಳು ಊರಿನ ವಯಸ್ಕರ ಸಾಲಿಯಲ್ಲಿ ಅಕ್ಷರ ಕಲಿತಳು. ಆಮೇಲೆ ಅವಳ ಕಣ್ಣಿಗೆ ಬಿದ್ದ ಒಂದಕ್ಷರವೂ ತಪ್ಪಿಸಿಕೊಂಡದ್ದಿಲ್ಲ. ಉಪ್ಪಿನ ಪಾಕೀಟು, ಬಸ್ಸಿನೊಳಗಿನ ಸೂಚನೆ, ಲಗ್ನಪತ್ರಿಕೆಯ ತುದಿಯಲ್ಲಿರುವ ಛಾಪಖಾನೆಯ ಹೆಸರು, ಎಲ್ಲವನ್ನೂ ಬೆರಳಿಟ್ಟು ಓದಿಯೇ ಮುಂದೆ ಹೋಗುತ್ತಿದ್ದಳು. ಅಪ್ಪ ಮಾತ್ರ ಕೊನೆತನಕ ಹೆಬ್ಬೆಟ್ಟು. ಊರಿನ ಜಮೀನು ಲೆಕ್ಕ ಬರೆಯುವ ತಲಾಟಿ ಕಾಗದದಲ್ಲಿ ತೋರಿಸಿದಲ್ಲಿ ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಬರುತ್ತಿದ್ದ. ಅವನು ನನ್ನನ್ನು ಓದಿಸಿದ್ದು ಆ ಮಸಿಯ ಸಿಟ್ಟಿಗೆ.

ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದ ಅವ್ವ ಒಂದು ದಿನ ನನ್ನ ಕಚೇರಿ ನೋಡಲು ನನ್ನ ಜೊತೆ ಧಾರವಾಡದ ಬಸ್ಸು ಹತ್ತಿದಳು. ನನ್ನ ಮೇಜಿನ ಪಕ್ಕದ ಕುರ್ಚಿಯಲ್ಲಿ ಸೆರಗು ಹೊದ್ದು ಕುಳಿತು ನಾನು ಕೆಲಸ ಮಾಡುವುದನ್ನು ನೋಡಿದಳು. ನಾನೂ ಉಮೇದಿನಿಂದ ಸಹಿಯ ಬಾಲಗಳನ್ನು ಉದ್ದ ಮಾಡಿದೆ. ಸಹಿಯಾದ ಫೈಲುಗಳು ಅವಳ ಕಡೆ ಸರಿಯುತ್ತಿದ್ದವು. ಮೇಲಿನದರ ಮೇಲೆ ಅವಳ ಬೆರಳು ಹರಿದಾಡತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:

“ತತ್ವಶಾಸ್ತ್ರ ಅಂದ್ರ ನೀ ಕಲ್ತದ್ದಲ್ಲೇನೋ?”

ಹೌದೆಂದೆ.

“ಅದನ್ನ ಬರೂ ವರ್ಷದಿಂದ ಬಂದ್ ಮಾಡಾಕತ್ತಾರಂತ. ಕೆಳಗ ನಿಂದ ಸಹಿ ಐತಿ.”

ಫೈಲು ಎಳೆದುಕೊಂಡು ಓದಿದೆ. ನಿಜವಾಗಿತ್ತು. ವಿದ್ಯಾರ್ಥಿಗಳು ಏಳೇ ಜನ ಇರುವುದರಿಂದ ತತ್ವಶಾಸ್ತ್ರ ವಿಭಾಗದ ಪ್ರವೇಶ ನಿಲ್ಲಿಸಬಹುದು, ಡೀನರ ಒಪ್ಪಿಗೆಯಿದೆ. ಮುಚ್ಚಲು ಒಪ್ಪಿದವನು ಅದೇ ವಿಭಾಗದ ಪ್ರೊಫೆಸರು, ಅಂದರೆ ನಾನು. ನಾನೇನು ತತ್ವಜಿಜ್ಞಾಸೆಯಿಂದ ಅಲ್ಲಿ ಸೇರಿದವನಲ್ಲ. ಬೇರೆ ಯಾವ ವಿಭಾಗದಲ್ಲೂ ಸೀಟು ಸಿಗದಿದ್ದಾಗ ಅಲ್ಲೊಂದು ಖಾಲಿ ಇತ್ತು. ಆ ಖಾಲಿ ಸೀಟು ಇಲ್ಲದಿದ್ದರೆ ಈ ಕುರ್ಚಿಯೂ ಇಲ್ಲ. ಈಗಿನ ಏಳು ಜನರಲ್ಲಿ ಬೆಂಗೇರಿಯಿಂದ ಬರುವ ಒಬ್ಬ ಹುಡುಗಿಯೂ ಹಾಗೆಯೇ ಬಂದವಳು, ಅವಳ ಮನೆಯಲ್ಲಿ ಅವಳೇ ಮೊದಲು.

ಪಾಟೀಲರು ಗುರುತು ಹಾಕಿದ್ದರು ಅಂತ ಅವ್ವನಿಗೆ ಹೇಳಿದೆ. ಅವಳು ಬಗ್ಗಿ ಆ ಪೆನ್ಸಿಲ್ ಗುರುತನ್ನು ನೋಡಿದಳು.

“ತಲಾಟೀನೂ ನಿಮ್ಮಪ್ಪಗ ಹಿಂಗ ತೋರಸ್ತಿದ್ದ” ಎಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಸುಮ್ಮನೆ ನೆನಪಿಸಿಕೊಂಡದ್ದು. ನನ್ನ ಕೈ ತಲೆಗೂದಲ ಕಡೆ ಹೋದದ್ದು ನನಗೇ ಆಮೇಲೆ ಗೊತ್ತಾಯಿತು.

ಪಾಟೀಲರನ್ನು ಕರೆಸಿ ಸಹಿಯ ಮೇಲೆ ಗೀಟು ಎಳೆದು ರದ್ದು ಮಾಡುತ್ತೇನೆಂದೆ. ಹಾಗೆ ಮಾಡಿದರೆ ಮೇಲಿನವರು ಕಾರಣ ಕೇಳುತ್ತಾರೆ ಎಂದರು. ಆಮೇಲೆ ಅವ್ವನ ಮುಖ ನೋಡಿ ದನಿ ಇಳಿಸಿದರು. “ಸಹಿ ಮ್ಯಾಲ ‘ಚರ್ಚಿಸಿ’ ಅಂತ ಬರೀರಿ ಸರ. ಫೈಲು ಕೆಳಗ ಇಳೀತೈತಿ. ಯಾರೂ ಏನೂ ಕೇಳಂಗಿಲ್ಲ.”

ಇದನ್ನು ನಾಲ್ಕು ತಿಂಗಳಿಂದ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀವು ಕೇಳಲಿಲ್ಲರಿ” ಎಂದರು.

ಹೀಗೆ ಡೀನರ ಅಧಿಕಾರ ಏನೆಂದು ನನಗೆ ತಿಳಿಯಿತು. ಆ ಫೈಲು ವಿಭಾಗಕ್ಕೆ ಹೋಗಿ ಅಭಿಪ್ರಾಯ ಹೊತ್ತು ಬಂದಿತು. ಕೂತು ಪೂರ್ತಿ ಓದಿದೆ, ‘ಚರ್ಚಿಸಿ’ ಬರೆದೆ. ಅಂಕಿ ಅಂಶ ಹೊತ್ತು ಬಂದಿತು. ಮತ್ತೆ ಓದಿದೆ, ಮತ್ತೆ ಬರೆದೆ. ನನ್ನ ಎರಡು ವರ್ಷ ಮುಗಿಯುವ ಹೊತ್ತಿಗೆ ಫೈಲು ದಪ್ಪಗಾಗಿತ್ತು, ವಿಭಾಗ ಇನ್ನೂ ನಡೆಯುತ್ತಿತ್ತು. ಬೀಳ್ಕೊಡುವಾಗ ನನ್ನ ನಾಯಕತ್ವದ ಬಗ್ಗೆ ಮೂವರು ಮಾತಾಡಿದರು. ಒಂದೇ ಶಬ್ದದ ನಾಯಕತ್ವ ಅದು ಎಂಬುದು ಸಭೆಯಲ್ಲಿ ಪಾಟೀಲರಿಗೆ ಮಾತ್ರ ಗೊತ್ತಿತ್ತು. ಅವರು ಚಿವುಡಾ ತಿನ್ನುತ್ತಿದ್ದರು.

ಆದರೆ ಕೈಗೆ ಹತ್ತಿದ ಚಟ ಸುಲಭಕ್ಕೆ ಹೋಗುವುದಿಲ್ಲ. ಹೋದ ತಿಂಗಳು ಅವ್ವನ ಹೆಸರನ್ನು ಊರಿನ ರೇಷನ್ ಕಾರ್ಡಿನಿಂದ ತೆಗೆಸಿ ನಮ್ಮ ಕಾರ್ಡಿಗೆ ಸೇರಿಸಲು ಅರ್ಜಿ ತುಂಬಿದೆ. ನನಗೆ ಹೊತ್ತಾಗಿತ್ತು, ಬಸ್ಸು ತಪ್ಪುತ್ತಿತ್ತು. ಲಗೂ ಸಹಿ ಮಾಡು ಅಂತ ಅರ್ಜಿ ಅವಳ ಮುಂದಿಟ್ಟೆ. ಅವಳು ಕನ್ನಡಕ ಹುಡುಕಿ, ಬೆರಳಿಟ್ಟು ಮೊದಲ ಸಾಲಿನಿಂದ ಓದುತ್ತ ಬಂದಳು. ಊರಿನ ಕಾರ್ಡಿನಿಂದ ಹೆಸರು ತೆಗೆಯುವ ಸಾಲಿನ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಇದರ ಬಗ್ಗೆ ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಬೆರಳು ಕೆಳಗಿಳಿದು, ಸಹಿ ಮಾಡಬೇಕಾದ ಜಾಗಕ್ಕೆ ಬಂದು ಮತ್ತೆ ನಿಂತಿತು. ಅಲ್ಲಿ ನಾನು ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕಿಟ್ಟಿದ್ದೆ.

ಅವ್ವ ಪೆನ್ನು ತೆಗೆದುಕೊಂಡು ಗುರುತಿನ ಪಕ್ಕ ಏನೋ ಬರೆದು, ಅರ್ಜಿಯನ್ನು ನನ್ನ ಕಡೆ ಸರಿಸಿದಳು. ದುಂಡಗಿನ ದೊಡ್ಡ ಅಕ್ಷರ. ‘ಚರ್ಚಿಸಿ’ ಎಂದಿತ್ತು.

ಬಸ್ಸು ಬಿಟ್ಟು ಅವಳ ಪಕ್ಕ ಕುಳಿತೆ.