ಕೆಮ್ಮು ಎಣಿಸಿದ ಮಾವ

ನಮ್ಮ ಸೋದರಮಾವನಿಗೆ ಯಾರಾದರೂ ಕೆಮ್ಮಿದರೆ ಖುಷಿ! ಕೊಟ್ಟೂರಿನ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದ ಅವರ ಅಂಗಿಯ ಒಂದು ಜೇಬಿನಲ್ಲಿ ಬೀಡಿಕಟ್ಟು, ಇನ್ನೊಂದರಲ್ಲಿ ಕೆಮ್ಮಿನ ಪಟ್ಟಿ. ಎಪ್ಪತ್ತರ ದಶಕದ ಕೊನೆಯಲ್ಲಿ ಕಾಲೇಜು ಓದಲೆಂದು ನಾನು ಅವರ ಮನೆಯಲ್ಲಿದ್ದೆ. ನನ್ನ ನೆಗಡಿಯ ಕೆಮ್ಮೂ ಆ ಪಟ್ಟಿ ಸೇರಿತ್ತು.

ಇದಕ್ಕೆಲ್ಲ ಮೂಲ, ಊರಿನ ಆಸ್ಪತ್ರೆಯ ಡಾಕ್ಟರು. "ಬೀಡಿ ಬಿಡ್ರಿ ಮೇಷ್ಟ್ರೇ, ಪುಪ್ಪಸ ಹಾಳಾಗ್ತಾವ" ಎಂದಿದ್ದರು. "ಲೆಕ್ಕ ಇಲ್ಲದ ಮಾತು ನಾ ನಂಬಂಗಿಲ್ರಿ" ಎಂದು ಮಾವ ಹಟ ತೊಟ್ಟರು. ದಿನಾ ಬೆಳಿಗ್ಗೆ ಓಣಿಯ ಕಟ್ಟೆಗೆ ಹೋಗಿ, ಬೀಡಿ ಸೇದುವ ಮುದುಕರು ಎಷ್ಟು ಸಲ ಕೆಮ್ಮುತ್ತಾರೆಂದು ಗೆರೆ ಎಳೆದುಕೊಂಡರು. ಹದಿನೈದು ದಿನವಾದ ಮೇಲೆ ತೀರ್ಪು ಬಂತು: ಕಟ್ಟೆಯ ಮೇಲಿನವರೆಲ್ಲ ಗಟ್ಟಿಮುಟ್ಟು, ಬೀಡಿ ನಿರಪರಾಧಿ!

ಅತ್ತೆ ಅಡುಗೆಮನೆಯಿಂದಲೇ ಕೇಳಿದರು: "ಅಲ್ರೀ, ಭಾಳ ಕೆಮ್ಮೋರು ಕಟ್ಟಿ ತನಕ ಹೆಂಗ ಬಂದಾರು? ಹಾಸಿಗಿ ಹಿಡದು ಮನ್ಯಾಗ ಮಲಗ್ಯಾರ!"

ಅಷ್ಟೂ ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮಾವ ಸೋಲುವವರೇ? ಈ ಸಲ ಅತ್ತೆಯನ್ನೇ ಎಣಿಸಿದರು. ಬೀಡಿ ಮುಟ್ಟದ ಅತ್ತೆಗೆ ಮಾವನ ಎರಡರಷ್ಟು ಕೆಮ್ಮು! ಮೀಸೆ ತಿರುವುತ್ತಾ ಹೋಗಿ ಪಟ್ಟಿಯನ್ನು ಡಾಕ್ಟರ ಮೇಜಿನ ಮೇಲಿಟ್ಟರು.

"ಒಲಿ ಮುಂದ ಯಾರು ಕುಂದರ್ತಾರ್ರಿ?" ಡಾಕ್ಟರು ಕೇಳಿದರು.

"ಅಕಿ."

"ಅದೂ ಹೊಗಿನ ಅಲ್ಲೇನ್ರಿ? ಒಬ್ಬ ಕಳ್ಳ ಸಿಕ್ಕ ಅಂತ ಇನ್ನೊಬ್ಬನ್ನ ಬಿಡ್ತಾರೇನು?"

ಮರುದಿನವೇ ಮಾವ ಅತ್ತೆಯನ್ನು ಜಗುಲಿಗೆ ಕಳಿಸಿ, ಪರೀಕ್ಷಿಸಿಯೇ ತೀರುತ್ತೇನೆಂದು ತಾವೇ ಒಲೆ ಮುಂದೆ ಕುಳಿತರು. ಎಂಟು ದಿನ! ಸಗಣಿಯ ಕುಳ್ಳು, ಹಸಿ ಜಾಲಿ ಕಟ್ಟಿಗೆ, ಕಿಟಕಿಯಿಲ್ಲದ ಕೋಣೆ. ಅವರ ರೊಟ್ಟಿಗೆ ಗಣಿತದ ಯಾವ ಸೂತ್ರವೂ ಅನ್ವಯಿಸಲಿಲ್ಲ. ನಾನು ಕಣ್ಮುಚ್ಚಿ ನುಂಗಿದೆ. ಪಟ್ಟಿಯಲ್ಲಿ ಅತ್ತೆಯ ಗೆರೆಗಳು ಇಳಿದವು, ಮಾವನವು ಏರಿದವು.

ಒಂಬತ್ತನೆಯ ಬೆಳಿಗ್ಗೆ ಮಾವ ಬೀಡಿಗಳನ್ನು ತಿಪ್ಪೆಗೆಸೆದು ಬಂದು, ಹಾರೆ ಹಿಡಿದು ಒಲೆಯ ಮೇಲಿನ ಗೋಡೆಗೆ ಕಿಂಡಿ ಹೊಡೆಯತೊಡಗಿದರು. ಅತ್ತೆ ಗಾಬರಿಯಿಂದ ಓಡಿಬಂದರು. "ಏನ್ ಮಾಡಾಕತ್ತೀರಿ? ಅತ್ತಾಗ ಸರೀರಿ, ಇವತ್ತು ನಾ ರೊಟ್ಟಿ ಬಡಿತೀನಿ."

"ಇಪ್ಪತ್ತು ವರ್ಷ ಈ ಹೊಗಿ ಕುಡದಿ. ಒಂದಿನಾನೂ ಹೇಳಲಿಲ್ಲಲ್ಲ ಲೇ."

"ನೀವೆಂದು ಕೇಳಿದ್ರಿ?"

ಮಾವ ಹಾರೆ ಕೆಳಗಿಟ್ಟರು. ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಥೂ, ಹಾಳ ಹೊಗಿ" ಎಂದರು.

ಒಲೆ ಇನ್ನೂ ಹೊತ್ತಿಸಿರಲಿಲ್ಲ.