ಬಂಗಲೆಯ ಬೊಂಬೆಗೆ ಹಸಿರು ಸೀರೆ

ಇಷ್ಟಕ್ಕೆಲ್ಲ ಕಾರಣ ಒಂದು ಕಾಗೆ.

ದೇವನಹಳ್ಳಿಯ ಹೊರವಲಯದಲ್ಲಿ, ಹೊಸ ಲೇಔಟಿನ ಸೈಟುಗಳ ನಡುವೆ, ವಿಕ್ಟೋರಿಯಾ ರಾಣಿಯ ಕಾಲದ ಒಂದು ದೊರೆ ಬಂಗಲೆ ಇತ್ತು. ಬೆಂಗಳೂರಿನ ಸುನಿಲ್‌ಕುಮಾರ್ ಅದನ್ನು ಕೊಂಡು, ಬಾವಲಿಗಳನ್ನು ಓಡಿಸಿ, ಮೊದಲಿದ್ದಂತೆಯೇ ದುರಸ್ತಿ ಮಾಡಿಸಿದ್ದರು. ಕಿಟಕಿಗಳ ಮೇಲೆ ಮರದ ಚೂಪು ಟೊಪ್ಪಿಗೆ, ಬಾಗಿಲಿಗೆ ಬಣ್ಣದ ಗಾಜು, ಹಿಂದೆ ಎರಡು ಕೋಣೆಯ ಮನೆಯಾಗಿ ಮಾರ್ಪಟ್ಟ ಕುದುರೆ ಲಾಯ. ಮುಂದೆ ಚಕ್ಕೋತದ ಮರದಡಿ ಒಂದು ಕಾರಂಜಿ, ಅದರ ನಡುವೆ ಕೊಡ ಹಿಡಿದು ನಿಂತ ಅಮೃತಶಿಲೆಯ ಹುಡುಗಿ. ಈಗ ಬಂಗಲೆ ಮಾರಾಟಕ್ಕಿತ್ತು. ಮಾರಿಸಿಕೊಡುವ ಹೊಣೆ ಬೈರೇಶನದು.

ಬೈರೇಶ ಬಂಗಲೆಯ ಎದುರು ಮನೆಯ ಅಳಿಯ. ಬರಿ ಅಳಿಯನಲ್ಲ, ಮನೆ ಅಳಿಯ. ಅವನು ತೊಡುವ ಅಂಗಿಯ ಬಣ್ಣದಿಂದ ಹಿಡಿದು ತಿನ್ನುವ ಮುದ್ದೆಯ ಗಾತ್ರದವರೆಗೆ ಎಲ್ಲವನ್ನೂ ಅತ್ತೆ ಮುನಿವೆಂಕಟಮ್ಮ ತೀರ್ಮಾನಿಸುತ್ತಿದ್ದಳು. ಬಂಗಲೆ ಮಾರಿ ಹೋದರೆ ಬರುವ ಕಮಿಷನ್ನಿನಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟು, ಹೆಂಡತಿ ಬಿಂದುಶ್ರೀಯನ್ನು ಕರೆದುಕೊಂಡು ಹೊರಟುಬಿಡುವುದು ಅವನ ಆಸೆ. ವಿಜಯಪುರದಲ್ಲಿ ಗುಟ್ಟಾಗಿ ಮನೆಯನ್ನೂ ನೋಡಿ ಬಂದಿದ್ದ. ಆ ಮನೆಯ ಅಡುಗೆಕೋಣೆಯಲ್ಲಿ ತಾನೇ ನಿಂತು ತನಗೆ ಬೇಕಾದಷ್ಟು ಖಾರ ಹಾಕಿ ಸಾರು ಮಾಡಿಕೊಂಡ ಹಾಗೆ ಕನಸೂ ಬಿದ್ದಿತ್ತು.

ಆವತ್ತು ಬಂಗಲೆ ನೋಡಲು ಗೋವಿಂದರಾಜು ದಂಪತಿ ಬರುವವರಿದ್ದರು. ಮನೆ ಅವರಿಗೆ ಫೋಟೋದಲ್ಲೇ ಹಿಡಿಸಿತ್ತು. ಹೆಂಡತಿಯದು ಮಾತ್ರ ಒಂದೇ ಅನುಮಾನ. "ಹಳೇ ದೊರೆಗಳ ಮನೆ. ದೆವ್ವ ಗಿವ್ವ ಇಲ್ಲ ತಾನೆ?" ಎಂದು ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದರು.

ಬೆಳಕು ಹರಿಯುವ ಮುಂಚೆಯೇ ಸುನಿಲ್‌ಕುಮಾರ್ ಫೋನು ಬಂತು. "ಬೈರೇಶ್, ಬೊಂಬೆಗೆ ನಿನ್ನೆ ತಾನೆ ಪಾಲಿಶ್ ಹಾಕ್ಸಿದೀನಿ. ಚಕ್ಕೋತದ ಮರದಲ್ಲಿ ಕಾಗೆ ಗೂಡಿದೆ. ಅವರು ಬರೋವರೆಗೂ ಏನಾದ್ರೂ ಹೊದಿಸಿಡಪ್ಪ."

ಬೈರೇಶ ಎದ್ದು ಕತ್ತಲಲ್ಲೇ ಟ್ರಂಕಿಗೆ ಕೈ ಹಾಕಿದ. ಕೈಗೆ ಸಿಕ್ಕಿದ್ದೊಂದು ಸೀರೆ. ಅದನ್ನು ಬೊಂಬೆಗೆ ಸುತ್ತಿ, ಗಾಳಿಗೆ ಹಾರದಿರಲೆಂದು ಬೈಕಿನ ಕ್ಯಾರಿಯರ್‌ಗೆ ಕಟ್ಟುವ ಕೊಕ್ಕೆಯ ರಬ್ಬರ್ ಹಗ್ಗದಿಂದ ಸೊಂಟಕ್ಕೆ ಬಿಗಿದ. ಕಾಗೆಯ ಕಡೆ ಒಮ್ಮೆ ಗೆದ್ದವನಂತೆ ನೋಡಿ, ಬಾಗಿಲಿಗೆ ಹಾಕಲು ಹೂವಿನ ಹಾರ ತರೋಣವೆಂದು ಪೇಟೆಗೆ ಹೋದ.

ಹಾರ ಹಿಡಿದು ಬಂದರೆ ಬಂಗಲೆಯ ಗೇಟು ತೆರೆದಿತ್ತು. ಒಳಗಿನಿಂದ ಅತ್ತೆಯ ಕೂಗು ನೆತ್ತಿಯ ಮೇಲೆ ಹೋಗುತ್ತಿದ್ದ ವಿಮಾನದ ಸದ್ದನ್ನೂ ಮೀರಿಸುತ್ತಿತ್ತು.

"ಬನ್ರವ್ವೋ! ಬಂದು ನೋಡ್ರವ್ವೋ! ನಮ್ಮೂರ ದೇವ್ರು ಮುತ್ಯಾಲಮ್ಮಂಗೆ ಅಂತ ಟ್ರಂಕಲ್ಲಿಟ್ಟಿದ್ದ ಮೀಸಲು ಸೀರೆ! ಶುಕ್ರವಾರ ಉಡಿಸಾನ ಅಂತಿದ್ದೆ. ಅಲ್ಲೀಗಂಟ ಕಾಯಕ್ಕಾಗ್ದೆ ಅಮ್ಮನೇ ಬಂದು ಉಟ್ಕೊಂಡು ನಿಂತವ್ಳೆ!"

ಬೈರೇಶ ಈಗ ಸರಿಯಾಗಿ ನೋಡಿದ. ಹಸಿರು ಸೀರೆ, ಕೆಂಪು ಅಂಚು. ಕತ್ತಲಲ್ಲಿ ಕಂಡಿರಲಿಲ್ಲ.

"ಅತ್ತೆ, ಅದು ದೊರೆಸಾನಿ ಬೊಂಬೆ..."

"ಬಾಯಿ ತೊಳ್ಕೊ! ಮುತ್ತಿನಂಗೆ ಬೆಳ್ಳಗವ್ಳೆ, ಕೈಯಲ್ಲಿ ಕಳಸ ಐತೆ. ಮುತ್ಯಾಲಮ್ಮ ಅಲ್ದೆ ಇನ್ಯಾರು?"

"ದೊರೆಸಾನಿ ಮೂಗುಬೊಟ್ಟು ಹಾಕ್ಕೊಳ್ತಾಳೇನೋ ಪೆದ್ದ?" ಎಂದಳು ಹಾಲಿನ ಡೈರಿಯ ಅಮ್ಮಯಮ್ಮ. ಆ ಮೂಗುಬೊಟ್ಟನ್ನು ಜೇನುಮೇಣ ಹಚ್ಚಿ ಈಗ ತಾನೆ ಅಂಟಿಸಿದ್ದವಳು ಅವಳೇ.

ನಿಜ ಹೇಳಿಬಿಡೋಣವೆಂದು ಬೈರೇಶ ಬಾಯಿ ತೆರೆದ. ಅಷ್ಟರಲ್ಲಿ ಪಂಚಾಯ್ತಿಯ ಮಾಜಿ ಮೆಂಬರ್ ಗಂಗಣ್ಣ ಮುಂದೆ ಬಂದರು. ಎಲ್ಲಿ ನಾಲ್ಕು ಜನ ಸೇರಿದರೂ ಐದನೆಯವರಾಗಿ ಬಂದು ಮೊದಲನೆಯವರಾಗುವುದು ಅವರ ಪದ್ಧತಿ.

"ಇದು ಮನುಷ್ಯರ ಕೆಲಸ ಅಲ್ಲ. ಮೀಸಲು ಸೀರೆ ಮುಟ್ಟಿದೋನ ಕೈಗೆ ಲಕ್ವ ಹೊಡೀತದೆ. ನಮ್ಮ ದೊಡ್ಡಪ್ಪನ ಕಾಲದಲ್ಲಿ ಒಬ್ಬಂಗೆ ಹಂಗೇ ಆಯ್ತು."

ಬೈರೇಶ ಮೆಲ್ಲಗೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಸೇರಿಸಿ ಬೆರಳು ಆಡಿಸಿ ನೋಡಿಕೊಂಡ. ಆಡುತ್ತಿದ್ದವು. ಅವನು ತಂದ ಹಾರವನ್ನು ಯಾರೋ ಕಿತ್ತುಕೊಂಡು ಬೊಂಬೆಯ ಕೊರಳಿಗೆ ಹಾಕಿದರು.

ಮುಂದಿನದೆಲ್ಲ ಹುಲ್ಲಿನ ಬಣವೆಗೆ ಬೆಂಕಿ ಬಿದ್ದ ಹಾಗೆ ನಡೆಯಿತು. ನಿಂಬೆಹಣ್ಣಿನ ಹಾರ ಬಂತು, ಬೇವಿನ ಸೊಪ್ಪು ಬಂತು, ತಮಟೆಯವರು ಬಂದರು. ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಸಾಲಾಗಿ ನಿಂತರು. ಗಂಗಣ್ಣ ಬಂಗಲೆಯ ಮೆಟ್ಟಿಲ ಮೇಲೆ ನಿಂತು, "ಚಪ್ಪಲಿ ಆಚೆ! ಚಪ್ಪಲಿ ಆಚೆ!" ಎಂದು ಕೂಗುತ್ತಿದ್ದರು. ಪಾಲಿಶ್ ಮಾಡಿದ ಅಮೃತಶಿಲೆಯ ಮೇಲೆ ಅರಿಶಿನದ ನೀರು ಹರಿಯಿತು. ಮರದ ಮೇಲಿನ ಕಾಗೆ ಗೂಡು ಬಿಟ್ಟು ಹಾರಿಹೋಯಿತು.

ಬೈರೇಶ ಓಡಿ ಹೋಗಿ ಗೋವಿಂದರಾಜುಗೆ ಫೋನು ಮಾಡಿದ. "ಸಾರ್, ಇವತ್ತು ಬರ್ಬೇಡಿ. ಇಲ್ಲಿ ಕರೆಂಟಿಲ್ಲ, ಮನೆ ಸರಿಯಾಗಿ ಕಾಣಲ್ಲ."

"ಹಗಲು ಹೊತ್ತಲ್ಲಿ ಕರೆಂಟ್ ಯಾಕ್ರೀ? ಅದಿರ್ಲಿ, ಏನದು ತಮಟೆ ಸದ್ದು? ನಿಮ್ಮ ಫೋನಲ್ಲೂ ಕೇಳಿಸ್ತಿದೆ, ನಮ್ಮ ಕಾರಿನ ಆಚೇನೂ ಕೇಳಿಸ್ತಿದೆ."

ಬೈರೇಶ ತಿರುಗಿ ನೋಡಿದ. ಕಾರು ಗೇಟಿನಲ್ಲೇ ನಿಂತಿತ್ತು.

ಗೋವಿಂದರಾಜು ಇಳಿಯುವ ಮುಂಚೆಯೇ ಗಂಗಣ್ಣ ಅವರ ಚಪ್ಪಲಿ ಬಿಡಿಸಿದರು. ಅಮ್ಮಯಮ್ಮ ಅವರ ಹೆಂಡತಿಯ ಕೈಗೆ ಒಂದು ಆರತಿ ಕೊಟ್ಟೇಬಿಟ್ಟಳು. ಮನೆ ನೋಡಲು ಬಂದ ಹೆಂಗಸು ತಂಬಿಟ್ಟಿನ ದೀಪ ಹಿಡಿದು ದಿಕ್ಕುಗೆಟ್ಟು ನಿಂತರು. ವಿಜಯಪುರದ ಬಾಡಿಗೆ ಮನೆಯ ಗೋಡೆಗಳು ಒಂದೊಂದಾಗಿ ಕುಸಿಯುವುದು ಬೈರೇಶನ ಕಣ್ಣಿಗೆ ಕಾಣತೊಡಗಿತು.

ಅದೇ ಹೊತ್ತಿಗೆ ಮುನಿವೆಂಕಟಮ್ಮನ ಮೈಮೇಲೆ ಅಮ್ಮ ಬಂದಳು. ತಲೆಗೂದಲು ಬಿಚ್ಚಿತು, ಬೇವಿನ ಸೊಪ್ಪು ಗಾಳಿಯಲ್ಲಿ ಆಡಿತು. ತಮಟೆ ನಿಂತಿತು.

"ಬಂದೆ ಕಣ್ರೋ! ದೊರೆ ಮನೇಲಿ ಇಷ್ಟು ದಿವ್ಸ ಬರೀ ಮೈಯಲ್ಲಿ ನಿಂತಿದ್ದೆ!"

ಜನ ಕೈ ಮುಗಿದರು. ಗೋವಿಂದರಾಜು ಅವರ ಹೆಂಡತಿ ದೀಪ ಹಿಡಿದೇ ಮುಂದೆ ಬಂದರು. "ತಾಯಿ, ಒಂದೇ ಒಂದು ಮಾತು ಹೇಳಮ್ಮ. ಈ ಮನೇಲಿ ದೆವ್ವ ಇದೆಯಾ?"

"ನಾನು ಬಾಗ್ಲಲ್ಲಿ ನಿಂತಿರುವಾಗ ಯಾವ ದೆವ್ವಕ್ಕಮ್ಮ ಅಷ್ಟು ಧೈರ್ಯ?"

ಅವರು ಗಂಡನ ಕಡೆ ತಿರುಗಿದರು. "ರೀ, ನಂಗೆ ಇದೇ ಮನೆ ಬೇಕು. ಈಗಲೇ ಮಾತಾಡಿ."

ಬೈರೇಶ ತನ್ನ ಕಿವಿಯನ್ನು ತಾನೇ ನಂಬಲಿಲ್ಲ. ಗೋವಿಂದರಾಜು ಅಲ್ಲೇ ಸುನಿಲ್‌ಕುಮಾರ್‌ಗೆ ಫೋನು ಹಚ್ಚಿದರು, ಚೌಕಾಶಿ ಕೂಡ ಮಾಡಲಿಲ್ಲ. ಗಂಗಣ್ಣ ವೀಳ್ಯದೆಲೆ ತರಿಸಿ, ಮಾಲೀಕರ ಪರವಾಗಿ ಬೈರೇಶನ ಕೈಯಿಂದ ಗೋವಿಂದರಾಜುಗೆ ಕೊಡಿಸಿದರು. ತಮಟೆ ಮತ್ತೆ ಶುರುವಾಯಿತು. ಬೈರೇಶ ಬಿಂದುಶ್ರೀಯನ್ನು ಮೂಲೆಗೆ ಎಳೆದು, "ಬಟ್ಟೆ ಜೋಡಿಸ್ಕೊ ಕಣೇ!" ಎಂದು ಪಿಸುಗುಟ್ಟಿದವನೇ, ಜನ್ಮದಲ್ಲಿ ಕುಣಿಯದವನು ತಮಟೆಯವರ ಮುಂದೆ ಹೋಗಿ ಕುಣಿದುಬಿಟ್ಟ. ಜನ ಅದನ್ನು ಭಕ್ತಿಯೆಂದೇ ತಿಳಿದರು.

"ನನ್ನ ಪೂಜೆಗೆ ಯಾರು?" ಎಂದಳು ಅಮ್ಮ.

ಕುಣಿತ ನಿಂತಿತು.

"ಮೊದಲು ನನ್ನ ಕಂಡೋಳೇ ದೀಪ ಹಚ್ಚಬೇಕು. ಹಗಲೂ ರಾತ್ರಿ ನನ್ನ ಪಕ್ಕದಲ್ಲೇ ಇರಬೇಕು. ಮನೆ ಮಂದಿಯೆಲ್ಲ ಒಟ್ಟಾಗಿರಬೇಕು, ಒಬ್ಬರೂ ಕದಲಬಾರದು!"

"ಮೊದಲು ಕಂಡಿದ್ದು ಈ ಮುನಿವೆಂಕಟಮ್ಮನೇ, ಬೈರೇಶನ ಅತ್ತೆ," ಎಂದರು ಗಂಗಣ್ಣ.

"ಅದಕ್ಕೇನಂತೆ ತಾಯಿ," ಎಂದರು ಗೋವಿಂದರಾಜು. "ಹಿಂದೆ ಲಾಯ ಖಾಲಿ ಇದೆಯಲ್ಲ. ಮುನಿವೆಂಕಟಮ್ಮನವರು ಮಗಳು ಅಳಿಯನ ಜೊತೆ ಅಲ್ಲೇ ಇರ್ಲಿ. ಬಾಡಿಗೆ ಬೇಡ."

"ಸಾರ್, ನಾವು ಬೇರೆ..." ಎಂದ ಬೈರೇಶ.

"ನನಗೆ ನೆರಳಿಲ್ಲ!" ಎಂದಳು ಅಮ್ಮ ಚಕ್ಕೋತದ ಮರದಡಿ ನಿಂತು. "ಈ ಮನೆ ಮಾರಿಸಿದೋನು ನನಗೊಂದು ಮಂಟಪ ಕಟ್ಟಿಸ್ತಾನೆ!"

"ಬೈರೇಶನ ಕಮಿಷನ್ನು ಅಮ್ಮನ ಮಂಟಪಕ್ಕೆ!" ಎಂದು ಗಂಗಣ್ಣ ಘೋಷಿಸಿದರು. ಚಪ್ಪಾಳೆ ಬಿತ್ತು. ಯಾರೋ ಬೈರೇಶನ ಕೊರಳಿಗೆ ಹಾರ ಹಾಕಿದರು. ಅದು ಬೆಳಿಗ್ಗೆ ಅವನೇ ಕಾಸು ಕೊಟ್ಟು ತಂದದ್ದು.

ಸಂಜೆ ಜನ ಕರಗಿದರು. ಮುನಿವೆಂಕಟಮ್ಮ ಕೂದಲು ಗಂಟು ಹಾಕಿಕೊಂಡು ಲಾಯದ ಜಗಲಿಯ ಮೇಲೆ ಕುಳಿತು ತಂಬಿಟ್ಟು ಮುರಿಯುತ್ತಿದ್ದಳು.

"ಒಂದು ಕೋಣೇಲಿ ಪೂಜೆ ಸಾಮಾನು. ಇನ್ನೊಂದ್ರಲ್ಲಿ ನಾನು, ಬಿಂದು. ನಿಂಗೆ ಈ ಜಗಲಿ ಆಯ್ತದೆ, ಗಾಳಿ ಚೆನ್ನಾಗಿ ಬೀಸ್ತದೆ. ನಮ್ಮ ಮನೇನ ಏರ್‌ಪೋರ್ಟ್ ಹುಡುಗ್ರಿಗೆ ಬಾಡಿಗೆಗೆ ಕೊಡಾನ."

ಬೈರೇಶನಿಗೆ ತಡೆಯಲಾಗಲಿಲ್ಲ. "ಅತ್ತೆ, ಲಕ್ವ ಹೊಡೆದ್ರೂ ಹೊಡೀಲಿ, ಹೇಳ್ಬಿಡ್ತೀನಿ. ಆ ಸೀರೆ ಅಮ್ಮ ಉಟ್ಕೊಂಡಿದ್ದಲ್ಲ. ನಾನು ಸುತ್ತಿದ್ದು."

ಅತ್ತೆ ತಂಬಿಟ್ಟಿನ ಒಂದು ತುಂಡನ್ನು ಅವನ ಕೈಗಿಟ್ಟಳು. "ಗೊತ್ತು, ನೀನು ತಿನ್ನಪ್ಪ. ಅಮ್ಮನೇ ನಿನ್ನ ಕೈಲಿ ಉಡಿಸ್ಕೊಂಡ್ಳು. ಹರಕೆ ಅಂದ್ರೆ ಹಂಗೇ."

"ಏನು ಹರಕೆ?"

"ನೀನು ವಿಜಯಪುರದಲ್ಲಿ ಮನೆ ನೋಡ್ಕೊಂಡು ಬಂದ್ಯಲ್ಲ, ಆವತ್ತು ಕಟ್ಕೊಂಡಿದ್ದು. ಅಳಿಯ ನನ್ ಮಗಳನ್ನ ಕರ್ಕೊಂಡು ಬೇರೆ ಹೋಗ್ಬಾರ್ದು, ಅಮ್ಮಂಗೊಂದು ಹಸಿರು ಸೀರೆ ಉಡಿಸ್ತೀನಿ ಅಂತ."

ಬೈರೇಶ ಕೈಯಲ್ಲಿದ್ದ ತಂಬಿಟ್ಟನ್ನು ಜಗಲಿಯ ಮೇಲಿಟ್ಟ.

ಮುನಿವೆಂಕಟಮ್ಮ ಸೆರಗಿನ ಮರೆಯಿಂದ ಕೊಕ್ಕೆಯ ರಬ್ಬರ್ ಹಗ್ಗ ತೆಗೆದು ಅವನ ಮಡಿಲಿಗೆ ಹಾಕಿದಳು.

"ತಗೊ, ಅಮ್ಮನ ಸೊಂಟದಲ್ಲಿತ್ತು. ನಾಳೆ ಸಾಮಾನು ಸಾಗಿಸಕ್ಕೆ ಬೇಕಾಯ್ತದೆ."